ಸದ್ದು ನಿಂತ ಕೂಡಲೇ

“ಸದ್ದು ನಿಂತ ಕೂಡಲೇ ನಿನ್ನ ಹತ್ರ ಬಂದ್ಬಿಡ್ತೀನಿ” ಎಂದು ಮಗಳಿಗೆ ಮಾತು ಕೊಟ್ಟಾಗ ಅವಳಿಗೆ ಐದು ವರ್ಷ.

ಮನೆಯಲ್ಲಿ ನಾವಿಬ್ಬರೇ. ಅವಳು ಒಳಕೋಣೆಯಲ್ಲಿ, ನಾನು ಹೊರಕೋಣೆಯಲ್ಲಿ. ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ ಮಾತನ್ನು ಕೇಳಿಸಿಕೊಂಡು ಟೈಪ್ ಮಾಡುವುದು ನನ್ನ ಕೆಲಸ. ಕಿವಿಗೆ ಹೆಡ್‌ಫೋನ್, ಕಾಲಡಿಗೆ ಪೆಡಲ್. ಒತ್ತಿದರೆ ಡಾಕ್ಟರು ಮಾತಾಡುತ್ತಾರೆ, ಬಿಟ್ಟರೆ ಬಾಯಿ ಮುಚ್ಚುತ್ತಾರೆ. ಇಷ್ಟು ಹೇಳಿದ ಹಾಗೆ ಕೇಳುವವರು ನನಗೆ ಬೇರೆ ಯಾರೂ ಸಿಕ್ಕಿಲ್ಲ. ಮಗಳು ಗಂಟಲು ಹರಿಯುವಂತೆ ಕೂಗಿದರೂ ನನಗೆ ಕೇಳುತ್ತಿರಲಿಲ್ಲ. ಆದರೆ ನನ್ನ ಕೀಬೋರ್ಡು ಅವಳಿಗೆ ಕೇಳುತ್ತಿತ್ತು.

ಅದು ಅಂಥಿಂಥ ಕೀಬೋರ್ಡಲ್ಲ. ನಾನು ಮೊದಲು ಕೆಲಸಕ್ಕಿದ್ದ ಆಫೀಸು ಬಾಗಿಲು ಹಾಕಿದಾಗ ಬೇಡವೆಂದು ಮೂಲೆಗೆ ಎಸೆದಿದ್ದನ್ನು ಹೊತ್ತು ತಂದದ್ದು. ಪ್ರತಿ ಕೀಯ ಕೆಳಗೂ ಒಂದೊಂದು ಸ್ಪ್ರಿಂಗು, ಒತ್ತಿದರೆ ಟಕ್ಕೆಂದು ಸದ್ದು. ಗೋಡೆಯಾಚೆ ಕೂತು ಮಗಳು ಆ ಸದ್ದಿನಲ್ಲೇ ನನ್ನ ಜಾತಕ ಓದುತ್ತಿದ್ದಳು. ಒಂದೇ ಕೀ ಬಿಡದೆ ಟಕಟಕ ಎಂದರೆ ತಪ್ಪು ಅಳಿಸುತ್ತಿದ್ದೇನೆ ಎಂದು ಅರ್ಥ. ಊಟಕ್ಕೆ ಕೂತಾಗ ಶುರುವಾಗುತ್ತಿತ್ತು: “ಇವತ್ತು ಎಷ್ಟೊಂದು ಅಳಿಸ್ದೆ ಅಮ್ಮ! ಡಾಕ್ಟರು ಬೈದ್ರಾ?”

ಈಗ ಅವಳಿಗೆ ಹದಿನಾರು. ಕಳೆದ ತಿಂಗಳು ಹಳೇ ಕಂಪ್ಯೂಟರು ಕಣ್ಣು ಮುಚ್ಚಿತು. ಕೆಲಸ ಕೊಡುವವರು ಹೊಸದನ್ನು ಕಳಿಸಿದರು. ಅದರ ಜೊತೆ ಬಂದ ಕೀಬೋರ್ಡು ರಟ್ಟಿನಷ್ಟು ತೆಳ್ಳಗೆ. ಒತ್ತಿದೆನೋ ಇಲ್ಲವೋ ಎಂದು ಬೆರಳಿಗೇ ಅನುಮಾನ. ಮೂರು ದಿನ ಅದರಲ್ಲೇ ಟೈಪ್ ಮಾಡಿದೆ, ಸದ್ದೇ ಇಲ್ಲ. ಇರುವುದೇ ಇಬ್ಬರು, ಅದರಲ್ಲಿ ಒಬ್ಬಳು ಇಲ್ಲದಂತಾಗಿತ್ತು. ಇಲ್ಲದವಳು ನಾನೇ. ಅವಳಿಗೂ ಹಾಗೇ ಅನ್ನಿಸುತ್ತಿರಬೇಕು ಎಂದುಕೊಂಡೆ.

ನಾಲ್ಕನೆಯ ದಿನ ಅಂಗಡಿಯಿಂದ ಒಂದು ಪ್ಲಗ್ ತಂದು ಹಳೇ ಕೀಬೋರ್ಡಿನ ಗುಂಡನೆಯ ಪಿನ್ನಿಗೆ ಹಾಕಿ, ಹೊಸ ಕಂಪ್ಯೂಟರಿಗೆ ಸಿಕ್ಕಿಸಿದೆ. ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ಒಂದು ಅಕ್ಷರವೂ ಮೂಡಲಿಲ್ಲ.

ಕಂಕುಳಲ್ಲಿಟ್ಟುಕೊಂಡು ರಿಪೇರಿಯವರ ಬಳಿ ಹೋದೆ.

“ಏನಕ್ಕಾ ಇದು? ಕಳ್ಳ ಬಂದ್ರೆ ತಲೆಗೆ ಹಾಕೋಕಾ?”

“ತಮಾಷೆ ಆಮೇಲೆ ಮಾಡಿ. ಓಡುತ್ತಾ ಇಲ್ವಾ ಹೇಳಿ.”

“ಪಿನ್ನು ಕೂತ್ರೆ ಆಯ್ತಾ? ಇದು ಆಡೋ ಮಾತು ಹೊಸ ಮೆಷಿನ್‌ಗೆ ತಿಳಿಯಲ್ಲ. ಮಧ್ಯೆ ದುಭಾಷಿ ಬೇಕು.” ಡ್ರಾಯರು ತಡಕಾಡಿ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯೊಂದನ್ನು ತೆಗೆದು ಕೀಬೋರ್ಡಿಗೂ ಅಂಗಡಿಯ ಕಂಪ್ಯೂಟರಿಗೂ ನಡುವೆ ಸೇರಿಸಿದರು. ಕೀ ಒತ್ತಿದರು. ಅಕ್ಷರ ಬಂತು. “ಇಷ್ಟೆಲ್ಲಾ ಒದ್ದಾಟ ಯಾಕಕ್ಕಾ, ಹೊಸದು ಇದ್ಯಲ್ಲ?”

“ಮಗಳಿಗೆ ಇದರ ಸದ್ದು ರೂಢಿ.”

“ಮಗೂಗೆ ಎಷ್ಟು ವರ್ಷ?”

ಹದಿನಾರು ಎನ್ನಲು ನಾಲಿಗೆ ಏಳಲಿಲ್ಲ. “ಸಣ್ಣೋಳು” ಎಂದೆ.

ಅಂದು ಸಂಜೆ ಕೆಲಸಕ್ಕೆ ಕೂತೆ. ಬೇಕಿದ್ದಕ್ಕಿಂತ ತುಸು ಜೋರಾಗಿಯೇ ಒತ್ತಿದೆ ಎಂದು ಒಪ್ಪಿಕೊಳ್ಳುತ್ತೇನೆ. ಒಂದು ಪುಟ ಮುಗಿಯುವಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆಯಿತು. ಹೆಡ್‌ಫೋನ್ ತೆಗೆದೆ.

“ಅಮ್ಮಾ, ಮತ್ತೆ ಅದನ್ನ ಹಾಕಿದ್ಯಾ?”

“ಕೇಳಿಸ್ತಾ?”

“ಪಕ್ಕದ ಬೀದಿಗೂ ಕೇಳಿಸುತ್ತೆ! ಆನ್‌ಲೈನ್ ಕ್ಲಾಸಲ್ಲಿ ನಾನು ಮೈಕ್ ಆನ್ ಮಾಡಿದ್ರೆ ಸಾಕು, ‘ನಿಮ್ಮನೇಲಿ ಬಡಗಿ ಕೂತಿದ್ದಾನಾ’ ಅಂತಾರೆ ಎಲ್ಲಾ.”

“ನೀನು ಸಣ್ಣೋಳಿದ್ದಾಗ ಇದು ನಿಂತ್ರೆ...”

“ಗೊತ್ತಮ್ಮ. ನೀನು ಓಡಿ ಬರ್ತಿದ್ದೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನಾನೂ ಒಂದು ಜಗಳ ತೆಗೆಯಬಹುದಿತ್ತು. “ಈ ಮೂರು ದಿನ ಎಷ್ಟು ಚೆನ್ನಾಗಿ ಓದೋಕಾಯ್ತು ಗೊತ್ತಾ? ಪ್ಲೀಸ್. ಬಾಗಿಲು ಹಾಕ್ಕೋತೀನಿ, ಸುಮ್‌ಸುಮ್ನೆ ಬಂದು ತಟ್ಟಬೇಡ.”

“ಹೂಂ. ಹೋಗು, ಓದ್ಕೋ.”

ಬಾಗಿಲು ಮುಚ್ಚಿತು. ದುಭಾಷಿಯನ್ನು ಕಿತ್ತು, ತೆಳ್ಳನೆಯದನ್ನು ಸಿಕ್ಕಿಸಿದೆ. ಹಳೆಯದನ್ನು ಇಡಲು ಮೇಜಿನ ಮೇಲೆ ಜಾಗವಿರಲಿಲ್ಲ, ಕೆಳಗೆ ನೆಲದ ಮೇಲಿಟ್ಟೆ. ಡಾಕ್ಟರು ಯಾರದೋ ಮೊಣಕಾಲಿನ ಬಗ್ಗೆ ಅರ್ಧ ಹೇಳಿ ನಿಂತಿದ್ದರು. ಪೆಡಲ್ ಒತ್ತಿದೆ.

ಸದ್ದು ನಿಂತಿತ್ತು. ನಾನು ಅವಳ ಹತ್ತಿರ ಹೋಗಲಿಲ್ಲ.