ಕೊನೆಯ ಅಧ್ಯಾಯಕ್ಕೆ ಹೊಲಿಗೆ

ಬತಿನ್‌ನ ಬಾಡಿಗೆ ಪುಸ್ತಕದಂಗಡಿಯ ಮುಂದೆ ಸಂಜೆ ನಾಲ್ಕಕ್ಕೆ ಸೇರುವವರು ಒಬ್ಬರನ್ನೊಬ್ಬರು ಊಟ ಆಯಿತಾ ಎಂದು ಕೇಳುವುದಿಲ್ಲ. "ಈಗ ಏನು ನಡೀತಿದೆ?" ಎನ್ನುತ್ತಾರೆ. ಅಂದರೆ ಯಾವ ಪುಸ್ತಕ, ಎಲ್ಲಿಯವರೆಗೆ ಬಂತು, ಅಡುಗೆ ಸೀದುಹೋಗುವಷ್ಟು ಚೆನ್ನಾಗಿದೆಯಾ ಎಂದು. ಗಿಡ್ಡ ಸ್ಟೂಲುಗಳು, ನಡುವೆ ಚಹಾದ ಫ್ಲಾಸ್ಕು, ಹುರಿದ ಕಾಳು ಬೆರೆಸಿದ ಹುಳಿ ಚಹಾಸೊಪ್ಪಿನ ತಟ್ಟೆ. ಬರ್ಮಾದ ಮಂಡಾಲೆಯ ಆ ಬೀದಿಯಲ್ಲಿ ದರ್ಜಿ ಕೆಲಸದ ಓನ್‌ಚಿ ಹದಿನೆಂಟು ವರ್ಷದಿಂದ ಕೂರುತ್ತಿದ್ದುದು ಎಡಗಡೆಯ ಕೊನೆಯ ಸ್ಟೂಲಿನಲ್ಲಿ. ಪಕ್ಕದ್ದು ಅವಳ ಗೆಳತಿ ಮ್ಯಾಸೇನ್‌ಳದು. ಅದು ಎರಡು ತಿಂಗಳಿಂದ ಖಾಲಿ ಬಿದ್ದಿತ್ತು.

ತಪ್ಪು ಓನ್‌ಚಿಯದೇ. ಅದನ್ನು ಅವಳೂ ಒಪ್ಪುತ್ತಾಳೆ, ಆದರೆ ಒಬ್ಬಳೇ ಇದ್ದಾಗ ಮಾತ್ರ. ಅವಳಿಗೊಂದು ಕೆಟ್ಟ ಚಟ. ಯಾವ ಪುಸ್ತಕ ಸಿಕ್ಕರೂ ಮೊದಲು ಕೊನೆಯ ಪುಟ ಓದುತ್ತಾಳೆ. "ಯಾರು ಉಳೀತಾರೆ ಯಾರು ಸಾಯ್ತಾರೆ ಅಂತ ಗೊತ್ತಿಲ್ದೆ ನಾನು ಯಾರ ಜೊತೆ ಸಲಿಗೆ ಬೆಳೆಸ್ಲಿ?" ಎಂಬುದು ಅವಳ ವಾದ. ಓದಿಕೊಳ್ಳಲಿ, ಅದು ಅವಳ ಪಾಡು. ಓದಿದ್ದು ಹೊಟ್ಟೆಯಲ್ಲಿ ನಿಲ್ಲಬೇಕಲ್ಲ?

ಮ್ಯಾಸೇನ್ ಇದಕ್ಕೆ ತದ್ವಿರುದ್ಧ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಊರವರ ಕಾಗದಗಳನ್ನು ವಿಂಗಡಿಸಿ, ಒಂದನ್ನೂ ಬೆಳಕಿಗೆ ಹಿಡಿದು ನೋಡದೆ ನಿವೃತ್ತಳಾದವಳು. ಓದುವುದೂ ಹಾಗೆಯೇ, ದಿನಕ್ಕೆ ಇಪ್ಪತ್ತು ಪುಟ, ಒಂದು ಸಾಲೂ ಹೆಚ್ಚಿಲ್ಲ. ನಾಲ್ಕು ಭಾಗದ ಒಂದು ಕಾದಂಬರಿಯಲ್ಲಿ ಮೂರು ಮುಗಿಸಿ, ನಾಲ್ಕನೆಯದಕ್ಕೆ ಮೂರು ವಾರದಿಂದ ಕಾದಿದ್ದಳು. ಅದು ಮೊದಲು ಸಿಕ್ಕಿದ್ದು ಓನ್‌ಚಿಯ ಕೈಗೆ.

"ಏ ಮ್ಯಾಸೇನ್, ಆ ದೋಣಿ ಯಜಮಾನ ವಾಪಸ್ ಬರೋದೇ ಇಲ್ಲ ಕಣೇ! ಪಾಪ, ಅವಳು ಕಾದಿದ್ದೆಲ್ಲಾ ದಂಡ!"

ಮ್ಯಾಸೇನ್‌ಳ ಲೋಟ ತುಟಿಯ ಹತ್ತಿರವೇ ನಿಂತಿತು. ಅದನ್ನು ನಿಧಾನಕ್ಕೆ ಕೆಳಗಿಟ್ಟು, "ಊರೋರ ರವಿಕೆ ಹೊಲಿಯೋದು ಆಮೇಲಾಯ್ತು. ಮೊದ್ಲು ನಿನ್ ಬಾಯಿ ಹೊಲ್ಕೊ," ಎಂದಳು. ಎದ್ದು ಲುಂಗಿಯನ್ನು ಬಿಗಿದು ಕಟ್ಟಿಕೊಂಡು ಹೋದವಳು ಮಾರನೆಯ ದಿನದಿಂದ ಬೆಳಿಗ್ಗೆಯೇ ಬಂದು ಪುಸ್ತಕ ಬದಲಿಸತೊಡಗಿದಳು.

ಓನ್‌ಚಿ ಮೊದಲ ವಾರ ಬಿಗುಮಾನದಿಂದ ಇದ್ದಳು. ಎರಡನೆಯ ವಾರಕ್ಕೆ ಓದೇ ಸಪ್ಪೆಯಾಯಿತು. ಉಳಿದವರಿಗೆ ಕಥೆ ಹೇಳಿದರೆ "ಹೌದಾ?" ಎಂದು ಕಾಳು ಅಗಿಯುತ್ತಿದ್ದರು. ಮ್ಯಾಸೇನ್ ಆಗಿದ್ದರೆ, "ಆ ಅತ್ತೆಗೆ ಏನ್ ರೋಗ ಬಂದಿತ್ತಂತೆ?" ಎಂದು ಜಗಳಕ್ಕೇ ನಿಲ್ಲುತ್ತಿದ್ದಳು. ಆ ಜಗಳವಿಲ್ಲದೆ ಪುಸ್ತಕ ಮುಗಿದಂತೆಯೇ ಅನಿಸುತ್ತಿರಲಿಲ್ಲ.

ಬಾಡಿಗೆ ಪುಸ್ತಕ ಓದುವವರಿಗೆ ಒಬ್ಬೊಬ್ಬರಿಗೂ ಒಂದೊಂದು ಗುಟ್ಟಿನ ಗುರುತು ಇರುತ್ತದೆ, ಓದಿದ್ದನ್ನೇ ಮತ್ತೆ ಒಯ್ಯಬಾರದಲ್ಲ. ಮ್ಯಾಸೇನ್‌ಳದು ಒಂಬತ್ತನೆಯ ಪುಟದ ಅಂಚಿನಲ್ಲಿ ಉಗುರಿನಿಂದ ಒತ್ತಿದ ಒಂದು ಪುಟ್ಟ ಚಂದ್ರ. ಪುಸ್ತಕದ ಕಡೆಯ ಸಾಲು ಮುಗಿದ ಮೇಲಷ್ಟೇ ಹಿಂದಕ್ಕೆ ಬಂದು ಒತ್ತುತ್ತಾಳೆ, ಅರ್ಧಕ್ಕೆ ಬಿಟ್ಟದ್ದಕ್ಕೆ ಗುರುತಿಲ್ಲ. ಈಗ ಓನ್‌ಚಿ ಪುಸ್ತಕ ಎತ್ತಿಕೊಂಡರೆ ಕೊನೆಯ ಪುಟದ ಬದಲು ಒಂಬತ್ತನೆಯದನ್ನು ತೆಗೆಯುತ್ತಿದ್ದಳು. ಚಂದ್ರ ಇದ್ದರೆ ಮನೆಗೆ ಒಯ್ಯುತ್ತಿದ್ದಳು. ಇದನ್ನು ಅವಳು ಯಾವಾಗ ಓದಿದಳು, ಇಲ್ಲಿ ನಕ್ಕಳಾ, ಎಂದು ಯೋಚಿಸುತ್ತ ಓದಿದರೆ ಅಳು ಬರುತ್ತಿತ್ತು. ನಗುವ ಕಥೆಗಳಿಗೂ ಅಳು ಬರುತ್ತಿತ್ತು.

"ಹಿಂದಿನ ಗಲ್ಲೀಲೇ ಅವಳ ಮನೆ. ಹೋಗಿ ತಪ್ಪಾಯ್ತು ಅನ್ನಬಾರ್ದಾ?" ಎಂದು ಬತಿನ್ ಕೇಳಿದ.

"ಬಾಯಲ್ಲಿ ಹೇಳಿದ್ರೆ ನಂಬ್ತಾಳಾ? ನನ್ ಬಾಯಿ ಮೇಲೇ ಅಲ್ವಾ ಅವಳಿಗೆ ಕೋಪ!"

ಅದೇ ವಾರ ಅಂಗಡಿಗೆ ತೆಳ್ಳನೆಯ ಹೊಸ ಕಾದಂಬರಿಯೊಂದು ಬಂತು. ನದಿದಂಡೆಯಲ್ಲಿ ಚಹಾದಂಗಡಿ ನಡೆಸುವ ಅಕ್ಕತಂಗಿಯರು, ಅವರ ತಾಯಿ ಬಿಟ್ಟುಹೋದ ಬೀಗ ಹಾಕಿದ ಪೆಟ್ಟಿಗೆ, ಅದರಲ್ಲಿ ಏನಿದೆ ಎಂಬುದೇ ಕಥೆ. ಓನ್‌ಚಿ ಬದುಕಿನಲ್ಲಿ ಮೊದಲ ಬಾರಿ ಮೊದಲ ಪುಟದಿಂದ ಶುರು ಮಾಡಿದಳು. ಮಾರನೆಯ ಮಧ್ಯಾಹ್ನಕ್ಕೆ ಕೊನೆಯ ಅಧ್ಯಾಯದ ಬಾಗಿಲಿಗೆ ಬಂದು ನಿಂತಾಗ ಬೆರಳುಗಳು ತುರಿಸತೊಡಗಿದವು. ಒಂದು ಸಾಲು, ಒಂದೇ ಒಂದು ಸಾಲು ಇಣುಕಿದರೆ ಯಾರಿಗೆ ಗೊತ್ತಾಗುತ್ತದೆ? ತಟ್ಟನೆ ಸೂಜಿ ತೆಗೆದುಕೊಂಡು, ಕಂದು ದಾರ ಪೋಣಿಸಿ, ಆ ಅಧ್ಯಾಯದ ಹಾಳೆಗಳ ಅಂಚನ್ನೆಲ್ಲ ಸೇರಿಸಿ ಹೊಲಿದುಬಿಟ್ಟಳು. ಹೊಲಿದು ಮುಗಿಸಿದಾಗ ನಾಲ್ಕು ಮದುವೆಯ ಬಟ್ಟೆ ಹೊಲಿದಷ್ಟು ಸುಸ್ತಾಗಿತ್ತು.

ಅಂಗಡಿಗೆ ತಂದ ಪುಸ್ತಕ ನೋಡಿ ಬತಿನ್ ಹಣೆ ಚಚ್ಚಿಕೊಂಡ. "ಅಯ್ಯೋ ಪುಣ್ಯಾತ್ಗಿತ್ತಿ! ಬಾಡಿಗೆ ಪುಸ್ತಕ ಕಣಮ್ಮ ಇದು, ರವಿಕೆ ಅಲ್ಲ!"

"ನಾಳೆ ಬೆಳಿಗ್ಗೆ ಅವಳಿಗೆ ಕೊಡು. ಚೀಟಿ ಒಳಗಿದೆ. ನಾಲ್ಕು ದಿನ ಅಷ್ಟೇ, ಆಮೇಲೆ ಹೊಲಿಗೆ ನಾನೇ ಬಿಚ್ಚಿ ಕೊಡ್ತೀನಿ."

ಚೀಟಿಯಲ್ಲಿ ಹೀಗಿತ್ತು: 'ಕೊನೆಯ ಅಧ್ಯಾಯ ನಾನೂ ಓದಿಲ್ಲ. ಅಲ್ಲಿಯವರೆಗೆ ಓದಿ ಬಾ. ಕತ್ತರಿ ನನ್ನ ಹತ್ತಿರ ಇದೆ.'

ಮೊದಲ ದಿನ ಬೆಳಿಗ್ಗೆ ಮ್ಯಾಸೇನ್ ಪುಸ್ತಕ ಒಯ್ದಳು. ಎರಡನೆಯ ಸಂಜೆ ಬರಲಿಲ್ಲ, ಮೂರನೆಯ ಸಂಜೆಯೂ ಬರಲಿಲ್ಲ. ನಾಲ್ಕನೆಯ ದಿನ ಓನ್‌ಚಿ ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು ಮೂರೂವರೆಗೇ ಕೂತಳು. ನಾಲ್ಕೂವರೆಯಾದರೂ ಯಾರೂ ಕಾಣಲಿಲ್ಲ. ಇವತ್ತು ಬರದಿದ್ದರೆ ಇನ್ನು ಬರುವವಳಲ್ಲ, ಆ ಸ್ಟೂಲನ್ನು ಒಳಗಿಡು ಎಂದು ಬತಿನ್‌ಗೆ ಹೇಳಬೇಕು ಎಂದುಕೊಂಡಳು.

ಆಗ ಮ್ಯಾಸೇನ್ ಬಂದಳು. ಕೆನ್ನೆಗೆ ಹೊಸದಾಗಿ ತನಖಾ ತೊಗಟೆಯ ಲೇಪ ಹಚ್ಚಿಕೊಂಡಿದ್ದಳು. ಸ್ಟೂಲಿನ ಧೂಳು ಒರೆಸಿ, ಕೂತು, ಬೀದಿಯ ಕಡೆ ನೋಡುತ್ತ ಕೇಳಿದಳು, "ಈಗ ಏನು ನಡೀತಿದೆ?"

"ಅದೇ, ನಿನ್ ಕೈಲಿರೋದು."

"ನಿಜವಾಗ್ಲೂ ಓದಿಲ್ವಾ? ಕೊನೇ ಪುಟಾನೂ?"

"ಮಹಾಮುನಿ ಬುದ್ಧನಾಣೆ, ಇಲ್ಲ ಕಣೇ. ನೀನು?"

"ನಾನ್ಯಾಕೆ ಓದ್ಲಿ? ನಾನೇನು ನಿನ್ ಥರಾನಾ!"

ಓನ್‌ಚಿ ಪುಸ್ತಕ ತೆಗೆದುಕೊಂಡು ಕತ್ತರಿ ಬಾಯ್ತೆರೆಸಿದಳು. ಕೈ ಅಲ್ಲೇ ನಿಂತಿತು. ದಾರ ತನ್ನದೇ, ತೂತುಗಳೂ ತನ್ನವೇ, ಗಂಟು ಮಾತ್ರ ತನ್ನದಲ್ಲ. ತಾನು ಗಂಟನ್ನು ಒಳಗೆ ಅಡಗಿಸುವವಳು. ಇಲ್ಲಿ ದಪ್ಪಗೆ ಹೊರಗೇ ಕೂತಿದ್ದುದು ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲಿಗೆ ಬಿಗಿಯುವ ಜೋಡಿ ಗಂಟು.

ಸುಮ್ಮನೆ ಹಾಳೆ ಸರಿಪಡಿಸುವವಳ ಹಾಗೆ ಒಂಬತ್ತನೆಯ ಪುಟ ತೆಗೆದಳು. ಅಂಚಿನಲ್ಲಿ ಆಗಲೇ ಹೊಸ ಚಂದ್ರ ಮೂಡಿದ್ದ. ಮೂವತ್ತು ವರ್ಷ ಒಬ್ಬರ ಕಾಗದವನ್ನೂ ಒಡೆಯದ ಹೆಂಗಸು!

'ಕಳ್ಳಿ!' ಎಂಬ ಮಾತು ಓನ್‌ಚಿಯ ನಾಲಿಗೆಯ ತುದಿಗೆ ಬಂತು. ಹದಿನೆಂಟು ವರ್ಷದಲ್ಲಿ ಇಷ್ಟು ರುಚಿಯಾದ ಮಾತು ಅವಳ ಬಾಯಿಗೆ ಬಂದಿರಲಿಲ್ಲ. ಪಕ್ಕಕ್ಕೆ ನೋಡಿದಳು. ಮ್ಯಾಸೇನ್ ಖಾಲಿ ಲೋಟದೊಳಗೆ ಕಣ್ಣಿಟ್ಟು ಕೂತಿದ್ದಳು, ಕಿವಿಗಳು ಕೆಂಪಗಾಗಿದ್ದವು. ಬಂದಿದ್ದಾಳಲ್ಲ, ಇಲ್ಲೇ ಕೂತಿದ್ದಾಳಲ್ಲ. ಓನ್‌ಚಿ ಒಂದು ಹಿಡಿ ಚಹಾಸೊಪ್ಪು ಬಾಯಿಗೆ ತುಂಬಿ, ಮಾತನ್ನೂ ನಗುವನ್ನೂ ಅದರ ಜೊತೆಗೇ ನುಂಗಿ, ದಾರ ಕತ್ತರಿಸಿದಳು.

"ನೀನೇ ಓದು. ಏನಾಗುತ್ತೋ ಏನೋ, ನಂಗಂತೂ ಎದೆ ಹೊಡ್ಕೊತಿದೆ."

ಮ್ಯಾಸೇನ್ ಗಟ್ಟಿಯಾಗಿ ಓದಿದಳು. ಪೆಟ್ಟಿಗೆಯ ಬೀಗ ತೆಗೆಯುವ ಜಾಗಕ್ಕೆ ಬಂದಾಗ, ಇನ್ನೂ ಎರಡು ಸಾಲು ಇರುವಂತೆಯೇ, "ಅಯ್ಯಯ್ಯೋ! ಹಿಂಗಾಗುತ್ತೆ ಅಂತ ಯಾರಂದ್ಕೊಂಡಿದ್ರು!" ಎಂದು ಎದೆಗೆ ಕೈಯಿಟ್ಟಳು. "ಯಾರೂ ಅಂದ್ಕೊಂಡಿರ್ಲಿಲ್ಲ ಬಿಡು," ಎಂದಳು ಓನ್‌ಚಿ. ಆಮೇಲಿನ ಎರಡು ಸಾಲಿಗೆ ಇಬ್ಬರೂ ನಿಜವಾಗಿಯೇ ಅತ್ತರು. ಒಬ್ಬಳು ಎರಡನೆಯ ಸಲ ಅಳುತ್ತಿದ್ದಳು, ಅಷ್ಟೇ ವ್ಯತ್ಯಾಸ.

ಒಳಗಿನಿಂದ ಬತಿನ್ ಕತ್ತು ಚಾಚಿದ. "ಏನಂತೆ? ಪೆಟ್ಟಿಗೇಲಿ ಏನಿತ್ತು?"

ಕೂತಿದ್ದವರೆಲ್ಲ ಎಂದಿನಂತೆ ಓನ್‌ಚಿಯ ಬಾಯಿ ನೋಡಿದರು.

"ತಗೊಂಡೋಗಿ ಓದ್ಕೊ," ಎಂದಳು ಓನ್‌ಚಿ. "ನಾನ್ಯಾಕೆ ಹೇಳ್ಲಿ?"

ಮ್ಯಾಸೇನ್ ತಲೆ ಎತ್ತಿ ಅವಳನ್ನು ಒಂದು ಗಳಿಗೆ ನೋಡಿದಳು. ಕತ್ತರಿಸಿದ ದಾರದ ಗಂಟು ಓನ್‌ಚಿಯ ಮಡಿಲಲ್ಲಿ ಬಿದ್ದಿತ್ತು. ಅದನ್ನು ಎತ್ತಿ ತನ್ನ ಜೇಬಿಗೆ ಹಾಕಿಕೊಂಡು, ಫ್ಲಾಸ್ಕಿನಿಂದ ಗೆಳತಿಯ ಲೋಟಕ್ಕೆ ಚಹಾ ತುಂಬಿದಳು.