ಒಳಗಿನ ನೀಲಿ

ಜಯಪುರದ ಸುತ್ತಮುತ್ತ ಹೂವಪ್ಪ ಬಣ್ಣ ಹೊಡೆಯದ ಜೀಪಿರಲಿಲ್ಲ. ಅದೇ ಅವನಿಗೆ ಮುಳುವಾಯಿತು.

ದಾಕ್ಷಾಯಿಣಮ್ಮ ತಂದು ನಿಲ್ಲಿಸಿದ್ದು ತಗಡಿನ ಬದಲು ಫೈಬರ್ ಮೈಯಿದ್ದ ಹಳೇ ಕಾರು. ಗಂಡ ತೀರಿಕೊಂಡ ವರ್ಷ ಮಾರಿದ್ದನ್ನು ಹುಡುಕಿ ವಾಪಸು ಕೊಂಡಿದ್ದರು. ನಡುವೆ ಇಟ್ಟುಕೊಂಡಿದ್ದವನು ಮೇಲೆ ಕೆಂಪು ಬಳಿದಿದ್ದ.

“ಅವರಿದ್ದಾಗಿನ ನೀಲಿ ಒಳಗೆ ಇರ್ಬೇಕು ಹೂವಪ್ಪ. ಅದನ್ನ ಒಂದ್ಸಲ ನೋಡ್ಬೇಕು ನಾನು. ಇದು ತಗಡಲ್ಲ, ನೀರು ಹಾಕಿ ನಿಧಾನಕ್ಕೆ ಉಜ್ಜು, ಆಯ್ತಾ?”

“ನಂಗೆ ಬಣ್ಣ ತೆಗೆಯೋದು ಹೇಳಿಕೊಡ್ತೀರಾ ಅಮ್ಮ?” ಎಂದು ನಕ್ಕಿದ್ದ ಹೂವಪ್ಪ.

ಅವರು ಅತ್ತ ಹೋದದ್ದೇ, ಜೀಪಿಗೆ ಮಾಡುವಂತೆ ಪೇಂಟ್ ರಿಮೂವರನ್ನು ದಪ್ಪಗೆ ಬಳಿದು, ಆರದಿರಲೆಂದು ಅಡಿಕೆ ಮುಚ್ಚುವ ಟಾರ್ಪಾಲನ್ನು ಬಿಗಿಯಾಗಿ ಹೊದಿಸಿ ಊಟಕ್ಕೆ ಹೋದ.

ಬಂದು ತೆಗೆದರೆ ಕೆಂಪು ತಾನಾಗಿ ಸುಲಿದುಕೊಂಡಿತ್ತು. ಕೆಳಗೆ ನೀಲಿ ಹೊಳೆಯುತ್ತಿತ್ತು. ಹಿಗ್ಗಿ ಇನ್ನೊಂದಿಷ್ಟು ಕೆರೆದ. ನೀಲಿಯೂ ಕಿತ್ತು ಬಂತು. ಅದರ ಬೆನ್ನಿಗೇ ನೆನೆದ ಗೋಣಿಯಂಥ ಎಳೆಗಳು ಬಂದವು. ಬಾಗಿಲಿಗೆ ಹೆಬ್ಬೆರಳು ಒತ್ತಿದ. ಹಲಸಿನ ಹಪ್ಪಳದ ಹಿಟ್ಟಿನ ಹಾಗೆ ತಗ್ಗು ಬಿತ್ತು. ರಿಮೂವರ್ ಬಣ್ಣದ ಜೊತೆ ಫೈಬರನ್ನೂ ಕರಗಿಸಿತ್ತು. ಗಾಬರಿಯಲ್ಲಿ ನೀರು ಸುರಿದು ಒರೆಸಿದ. ಒರೆಸಿದಷ್ಟೂ ಬಟ್ಟೆಗೆ ಅಂಟಿಕೊಂಡು ಬಂತು. ತಗಡಾಗಿದ್ದರೆ ಬಡಿದು ಕೂರಿಸುತ್ತಿದ್ದ. ಇದನ್ನು ಎಲ್ಲಿಂದ ಬಡಿಯುವುದು?

ಕೆರೆಯದ ಕಡೆಯಲ್ಲಿ ನೀಲಿ ಇನ್ನೂ ಹೊಳೆಯುತ್ತಿತ್ತು. ಅಷ್ಟರಲ್ಲಿ ದಾಕ್ಷಾಯಿಣಮ್ಮ ಬಂದರು.

“ಅಯ್ಯೋ, ಅದೇ ನೀಲಿ!” ಕಣ್ಣು ತುಂಬಿಕೊಂಡು ಬಾಗಿಲು ಸವರಲು ಕೈ ಚಾಚಿದರು.

“ಮುಟ್ಬೇಡಿ ಅಮ್ಮ!”

“ಹಸಿ ಇದೆಯಾ? ಯಾವಾಗ ಗಟ್ಟಿಯಾಗ್ತದೆ ಮಾರಾಯ?”

ಹೂವಪ್ಪ ಟಾರ್ಪಾಲನ್ನು ಎತ್ತಿಕೊಂಡು, ಕಾರಿನ ಮುಖದ ಕಡೆಯಿಂದ ಮೆಲ್ಲಗೆ ಹೊದಿಸತೊಡಗಿದ.