ಎಡಕ್ಕೆ ತೆಗೆದ ಬೈತಲೆ

ಜಲಜಾಳ ಬೆರಳಿಗೆ ಅದು ಸಿಕ್ಕಿದ್ದು ಮಗಳ ತಲೆಗೆ ಎಣ್ಣೆ ಒತ್ತುವಾಗ. ಬಲಗಿವಿಯ ಮೇಲೆ, ಕೂದಲ ಮರೆಯಲ್ಲಿ, ಹೊಲಿಗೆಯ ಗಂಟುಗಳು. ರಂಜನಾ ತುಟಿ ಕಚ್ಚಿ ಕೂತಿದ್ದಳು. ಪಕ್ಕದ ಮಣೆಯಲ್ಲಿ ಅಳಿಯ ಶಿಶಿರ್ ಹೊಸ ಪಂಚೆಯುಟ್ಟು ತನ್ನ ಸರದಿಗೆ ಕಾಯುತ್ತಿದ್ದ.

ಮದುವೆಯಾದ ಮೇಲಿನ ಮೊದಲ ದೀಪಾವಳಿ. "ನಮ್ಮ ಅಳಿಯಂದ್ರು ಒಂದು ಮಾತೂ ಜೋರಾಗಿ ಆಡಲ್ಲ" ಎಂದು ಜಲಜಾ ಫ್ಯಾಕ್ಟರಿ ಕಾಲೊನಿಗೆಲ್ಲ ಸಾರಿಕೊಂಡು ಬಂದಿದ್ದಳು. ಪಕ್ಕದ ಮನೆಯ ರಾಜೇಶ್ವರಿ ಆರತಿ ಹಾಡಿಗೆ ಕೂತಿದ್ದರು. ಜಲಜಾಳ ಗಂಡ ಅನಂತರಾಮು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು.

ಜಲಜಾಳ ಕೈ ನಿಲ್ಲಲಿಲ್ಲ. ಹೊಂಡ ತಪ್ಪಿಸುವ ಆಟೋದ ಹಾಗೆ ಆ ಜಾಗವನ್ನು ಬಳಸಿಕೊಂಡು ಹೋಯಿತು. ಆಮೇಲೆ ಅಳಿಯನ ನೆತ್ತಿಗೂ ಎಣ್ಣೆಯಿಟ್ಟು, ನೂರು ಕಾಲ ಬಾಳಿ ಎಂದು ಹರಸಿದಳು. ಅವನು ವಿನಯದಿಂದ ಕಾಲು ಮುಟ್ಟಿ ನಮಸ್ಕರಿಸಿದ.

ಬಚ್ಚಲಲ್ಲಿ ರಂಜನಾ ಮೆಲ್ಲಗೆ ಹೇಳಿದಳು. "ಅವರು ಗೋಡೆಗೆ ತಳ್ಳಿದ್ರಮ್ಮ. ಆಸ್ಪತ್ರೇಲಿ ಮೆಟ್ಟಿಲಿಂದ ಬಿದ್ಲು ಅಂತ ಅವರೇ ಹೇಳಿದ್ರು. ನಾನು ಕೆ.ಆರ್.ಪುರದ ಮನೆಗೆ ವಾಪಸ್ ಹೋಗಲ್ಲ. ಇಲ್ಲೇ ಇರ್ತೀನಿ."

"ಮೆಟ್ಟಿಲು ನೋಡ್ಕೊಂಡು ಇಳೀಬೇಕು ಕಣೇ. ಚಿಕ್ಕೋಳಿದ್ದಾಗಿಂದ್ಲೂ ನಿಂಗೆ ಗಮನ ಇಲ್ಲ."

"ಅಮ್ಮ, ನಾನು ಹೇಳಿದ್ದು ಕೇಳಿಸ್ಲಿಲ್ವಾ?"

"ಕಣ್ಣು ಮುಚ್ಕೋ, ಸೀಗೆಪುಡಿ ಹೋಗುತ್ತೆ."

ಪುಡಿ ಗಾಯಕ್ಕೆ ತಗುಲಿ ಮಗಳ ಬೆನ್ನು ನಡುಗಿದ್ದನ್ನು ಜಲಜಾ ನೋಡಿದಳು. ಹೆತ್ತ ಕರುಳು, ಕಣ್ಣು ತುಂಬಿ ಬಂತು. ಆದರೆ ಕಣ್ಣೀರಾದರೆ ಸೆರಗಿನಲ್ಲಿ ಒರೆಸಿಕೊಳ್ಳಬಹುದು. ಈ ಮಾತನ್ನು ಒಪ್ಪಿಕೊಂಡರೆ ನಾಳೆ ರಾಜೇಶ್ವರಿಗೆ ಏನು ಹೇಳುವುದು? ಅವಳು ಮಗಳ ತಲೆ ಒರೆಸಿ, ಬೈತಲೆಯನ್ನು ಎಡಕ್ಕೆ ತೆಗೆದು, ಬಲಗಿವಿಯ ಮೇಲೆ ದಟ್ಟವಾಗಿ ಕೂದಲು ಇಳಿಬಿಟ್ಟು ಕಾಕಡ ಹೂ ಮುಡಿಸಿದಳು. "ನೋಡು, ಈಗ ಏನೂ ಕಾಣಲ್ಲ" ಎಂದಳು.

ಬಲಿಪಾಡ್ಯಮಿಯವರೆಗೂ ಅವಳು ಮಗಳ ಕೈಗೆ ಒಂಟಿಯಾಗಿ ಸಿಗಲೇ ಇಲ್ಲ. ಬಾಣಲೆ ಒಲೆಯ ಮೇಲಿತ್ತು, ಇಲ್ಲವೇ ಯಾರೋ ಬಂದಿದ್ದರು. ಯಾರೂ ಬಾರದಿದ್ದಾಗ ತಾನೇ ಹೋಗಿ ಯಾರನ್ನಾದರೂ ಕರೆದುಕೊಂಡು ಬಂದಳು. ಅನಂತರಾಮುಗೆ ಮಗಳು ಸಪ್ಪಗಿರುವುದು ಕಂಡಿರಬೇಕು. ಅವರು ಪೇಪರನ್ನು ಇನ್ನಷ್ಟು ಅಗಲವಾಗಿ ಬಿಚ್ಚಿಕೊಂಡರು.

ಹೊರಡುವ ಹೊತ್ತಿಗೆ ರಂಜನಾ ಗೇಟಿನ ಸರಳು ಹಿಡಿದು ನಿಂತುಬಿಟ್ಟಳು. ಎದುರು ಮನೆಯವರು ನೋಡುತ್ತಿದ್ದರು. ಶಿಶಿರನಿಗೂ ಮುಜುಗರವಾಯಿತು.

"ಅವಳಿಗೆ ಇಷ್ಟ ಇದ್ರೆ ಇರ್ಲಿ ಅತ್ತೆ. ಮುಂದಿನ ವಾರ ಬರ್ತೀನಿ" ಎಂದ.

ರಂಜನಾ ತಲೆಯೆತ್ತಿ ತಾಯಿಯನ್ನು ನೋಡಿದಳು. ಇರು ಎಂದು ಒಂದೇ ಒಂದು ಮಾತು ಬಂದರೆ ಸಾಕಿತ್ತು.

"ಎಲ್ಲಾದ್ರೂ ಉಂಟಾ? ಹಬ್ಬಕ್ಕೆ ಜೋಡಿಯಾಗಿ ಬಂದೋರು ನೀವೊಬ್ರೇ ಹೋದ್ರೆ ನೋಡ್ದೋರು ಏನಂದ್ಕೋತಾರೆ?" ಎಂದು ಜಲಜಾ ನಕ್ಕಳು.

ನಗುತ್ತಲೇ ಮಗಳ ಬೆರಳುಗಳನ್ನು ಸರಳಿನಿಂದ ಒಂದೊಂದಾಗಿ ಬಿಡಿಸಿದಳು. ಕಾರಿನಲ್ಲಿ ಕೂರಿಸಿ, ಸೀಟ್ ಬೆಲ್ಟನ್ನು ಅವಳ ಎದೆಯ ಮೇಲೆ ಎಳೆದು, ತಾನೇ ಸಿಕ್ಕಿಸಿದಳು. ಸರಿಯಾಗಿ ಬಿಗಿದಿದೆಯೇ ಎಂದು ಒಮ್ಮೆ ಎಳೆದೂ ನೋಡಿದಳು. ಆಮೇಲೆ ಚಕ್ಕುಲಿಯ ಡಬ್ಬಿಯನ್ನು ಮಗಳ ತೊಡೆಯ ಮೇಲಿಟ್ಟು ಬಾಗಿಲು ಹಾಕಿದಳು.